ವಾರ ವಾರ ಬರುವ ಪ್ರೋಗ್ರಾಮಿಂಗ್ ಲೈವ್‌ಗಳದ್ದೊಂದು ಪಟ್ಟಿ: ಯಾರ್ಯಾರು ಕೈ ಜೋಡಿಸುತ್ತೀರಿ?

ತುಂಗಾತೀರ · ಅಕ್ಟೋಬರ್ 23, 2025

ಎಲ್ಲರಿಗೂ ನಮಸ್ಕಾರ. ದೀಪಾವಳಿಗೆ ಊರಿಗೆ ಬಂದವನು ಮೂರು ದಿನ ಕೂತು ಒಂದು ಶೀಟ್ ಮಾಡಿದ್ದೇನೆ. ಕೋಡ್ ಬರೆಯುವುದನ್ನು ಲೈವ್ ಆಗಿ ತೋರಿಸುವವರ ಪಟ್ಟಿ. ಸದ್ಯಕ್ಕೆ 31 ಸಾಲು.

ನಾನು ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿತದ್ದೇ ಜಾನ್ ಯೆಂಗ್‌ಸೆಟ್ ಅವರ ಸ್ಟ್ರೀಮ್‌ಗಳಿಂದ. ನಾಲ್ಕೈದು ಗಂಟೆ ಕೂತು ಒಂದೇ ಲೈಬ್ರರಿ ಬರೆಯುತ್ತಾರೆ. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಬೈದರೆ ಅವರೂ ನಮ್ಮ ಹಾಗೇ ಎರರ್ ಮೇಲೆ ಕಣ್ಣಾಡಿಸುತ್ತಾ ಕೂರುತ್ತಾರೆ. ಕೋರ್ಸ್ ವಿಡಿಯೊಗಳಲ್ಲಿ ಆ ಭಾಗವನ್ನೇ ಕತ್ತರಿಸಿ ಬಿಸಾಕಿರುತ್ತಾರೆ, ಅಲ್ವಾ? ಆದರೆ ಇಷ್ಟು ವರ್ಷದಲ್ಲಿ ನಾನು ಲೈವ್ ಆಗಿ ನೋಡಿದ್ದು ಎರಡೇ ಸಲ. ಉಳಿದದ್ದೆಲ್ಲ ಆಮೇಲೆ ಯೂಟ್ಯೂಬ್‌ನಲ್ಲಿ, ಆರಿದ ದೋಸೆ ತಿಂದ ಹಾಗೆ. ಚಾಟ್‌ನಲ್ಲಿ ಪ್ರಶ್ನೆ ಕೇಳೋಣ ಅಂದರೆ ಚಾಟ್ ಯಾವತ್ತೋ ಮುಗಿದಿರುತ್ತದೆ.

ಕಾಲಂಗಳು ಹೀಗಿವೆ: ಚಾನೆಲ್, ವಿಷಯ, ಎಲ್ಲಿ ಬರುತ್ತದೆ, ಯಾವ ದಿನ, ನಮ್ಮ ಸಮಯ. ನವೆಂಬರ್ 1ಕ್ಕೆ, ರಾಜ್ಯೋತ್ಸವದ ದಿನ, ಎಲ್ಲರಿಗೂ ತೆರೆದಿಡುವ ಆಸೆ. ನಿಮಗೆ ಗೊತ್ತಿರುವುದನ್ನು ಹೇಳಿ. ಇನ್ನೇನು ಕಾಲಂ ಬೇಕು ಅಂತಲೂ ಹೇಳಿ.

ರಾತ್ರಿಪಾಳಿ

ನಾನು ರೆಡಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ನನ್ನ ಕೆಲಸ. ಅಮೆರಿಕದವರು ಯಾರು ಯಾವಾಗ ಬರುತ್ತಾರೆ ಅಂತ ಬಾಯಿಪಾಠ.

ಕುಡ್ಲದ ಕೀಬೋರ್ಡ್

ಇದಕ್ಕೆ ಪಟ್ಟಿ ಯಾಕೆ ಮಾರಾಯ್ರೆ? ಲೈವ್ ವಿಡಿಯೊ ತಾಣವಾದ ಟ್ವಿಚ್‌ನಲ್ಲಿ ಸಾಫ್ಟ್‌ವೇರ್ ಆ್ಯಂಡ್ ಗೇಮ್ ಡೆವಲಪ್‌ಮೆಂಟ್ ಅಂತ ವಿಭಾಗವೇ ಉಂಟು. ತೆಗೆದು ನೋಡಿದರೆ ಆಯ್ತು.

ತುಂಗಾತೀರ

ಅಲ್ಲಿ ಈ ಕ್ಷಣ ಲೈವ್ ಇರುವವರು ಮಾತ್ರ ಕಾಣುತ್ತಾರೆ. ನಾಳೆ ಸಂಜೆ ಯಾರು ಬರುತ್ತಾರೆ ಅಂತ ಗೊತ್ತಾಗುವುದಿಲ್ಲ. ಮೇಲೆ ಬರುವುದೂ ದೊಡ್ಡ ಚಾನೆಲ್‌ಗಳೇ. ಹನ್ನೆರಡು ಜನ ನೋಡುವ ಚಾನೆಲ್ ತಲುಪುವಷ್ಟರಲ್ಲಿ ಬೆರಳು ಸವೆದಿರುತ್ತದೆ. ನಾನು ಹುಡುಕುತ್ತಿರುವುದು ಆ ಹನ್ನೆರಡು ಜನರ ಚಾನೆಲ್‌ಗಳನ್ನೇ. ಅಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಸಿಗುತ್ತದೆ.

ಹಳೇ ಟರ್ಮಿನಲ್

ತಣ್ಣೀರು ಎರಚುತ್ತಿದ್ದೇನೆ ಅಂದುಕೊಳ್ಳಬೇಡಿ. ಈ ಕೆಲಸ ನಾನೂ ಮಾಡಿದ್ದೆ.

2014ರ ನವೆಂಬರ್‌ನಲ್ಲಿ ಕೇಸಿ ಮುರಾಟೊರಿ ಹ್ಯಾಂಡ್‌ಮೇಡ್ ಹೀರೊ ಶುರು ಮಾಡಿದರು. ಒಂದು ಇಡೀ ಗೇಮ್, ಇಂಜಿನ್ ಇಲ್ಲದೆ, ಲೈಬ್ರರಿ ಇಲ್ಲದೆ, ಸಿ ಭಾಷೆಯಲ್ಲಿ ಬರೆಯುತ್ತೇನೆ, ಪ್ರತಿ ಸಾಲನ್ನೂ ಲೈವ್ ಆಗಿಯೇ ಟೈಪ್ ಮಾಡುತ್ತೇನೆ ಅಂತ. ಅವರಿಗೆ ಸಂಜೆ, ನಮಗೆ ಬೆಳಗ್ಗೆ. ಆಫೀಸಿನ ಕ್ಯಾಬ್‌ನಲ್ಲಿ ಕೂತು ಫೋನಿನಲ್ಲಿ ನೋಡುತ್ತಿದ್ದೆ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವಷ್ಟರಲ್ಲಿ ಒಂದು ಕಂತು ಮುಗಿಯುತ್ತಿತ್ತು. ಆರುನೂರಕ್ಕೂ ಹೆಚ್ಚು ಕಂತು ಬಂದವು. ನನ್ನ ಕಣ್ಣಲ್ಲಿ ತಪ್ಪದೆ ಬರುವ ಲೈವ್ ಅಂದರೆ ಅದು.

2015ರಲ್ಲಿ ಲೈವ್‌ಕೋಡಿಂಗ್ ಟಿವಿ ಅಂತ ಇದಕ್ಕೇ ಮೀಸಲಾದ ತಾಣ ಬಂತು. ಆಮೇಲೆ ಲೈವ್‌ಎಜು ಅಂತ ಹೆಸರು ಬದಲಾಯಿತು. ಈಗ ಅದೂ ಇಲ್ಲ. ಆ ಕಾಲದಲ್ಲಿ ನಾನೊಂದು ಪಟ್ಟಿ ಮಾಡಿದ್ದೆ, ಸರಿಯಾಗಿ 40 ಸಾಲು. ನಿಮ್ಮ ಪೋಸ್ಟ್ ನೋಡಿ ಇವತ್ತು ಹುಡುಕಿ ತೆಗೆದೆ. ಅದರಲ್ಲಿ ಈಗಲೂ ಲೈವ್ ಬರುತ್ತಿರುವವರು ಮೂವರು. ಒಂಬತ್ತು ಲಿಂಕ್ ತೆರೆಯುವುದೇ ಇಲ್ಲ. ಒಂದರಲ್ಲಿ ಈಗ ಯಾರೋ ಸೋಫಾ ಮಾರುತ್ತಿದ್ದಾರೆ.

ಹೆಸರು ಸೇರಿಸುವುದು ಮೂರು ದಿನದ ಕೆಲಸ. ಅದು ಸತ್ತಿದೆಯಾ ಬದುಕಿದೆಯಾ ಅಂತ ನೋಡುತ್ತಿರುವುದು ಮುಗಿಯದ ಕೆಲಸ. "ಕೊನೆಗೆ ಲೈವ್ ಕಂಡದ್ದು ಯಾವಾಗ" ಅಂತ ಒಂದು ಕಾಲಂ ಇಲ್ಲದಿದ್ದರೆ ನಿಮ್ಮದೂ ನನ್ನ ಪಟ್ಟಿಯ ಪಕ್ಕದಲ್ಲೇ ಮಲಗುತ್ತದೆ.

ಬಿಸಿಎ ಎರಡನೇ ವರ್ಷ

ಸರ್ ಸೋಫಾ ಲಿಂಕ್ ಕಳಿಸಿ 😂

ಅರ್ಧವಿರಾಮ

ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಆಸಮ್ ಡೆವಲಪರ್ ಸ್ಟ್ರೀಮ್ಸ್ ಅಂತ ಒಂದು ಪಟ್ಟಿ ಮೊದಲೇ ಇದೆಯಲ್ಲ. ಅದರಿಂದಲೇ ಶುರು ಮಾಡಬಹುದಿತ್ತು.

ತುಂಗಾತೀರ

ನೋಡಿದೆ. ಹೆಸರು, ವಿಷಯ, ಲಿಂಕ್ ಚೆನ್ನಾಗಿವೆ. ನನಗೆ ಬೇಕಾದದ್ದು ದಿನ ಮತ್ತು ಗಂಟೆ. ಅದೂ ಶಿವಮೊಗ್ಗದಲ್ಲಿ ಕೂತವನಿಗೆ ಅರ್ಥ ಆಗುವ ಗಂಟೆ.

ಕುಡ್ಲದ ಕೀಬೋರ್ಡ್

ಸರಿ, ಒಪ್ಪಿದೆ. ಆದರೆ "ತಪ್ಪದೆ ಬರುವ" ಅಂದರೆ ಏನು? ಶೀರ್ಷಿಕೆಯಲ್ಲಿ ವಾರ ವಾರ ಅಂತೀರಿ. ನೀವು ಮೊದಲು ಹೇಳಿದ ಯೆಂಗ್‌ಸೆಟ್ ಅವರಿಗೇ ಗೊತ್ತಾದ ದಿನ ಇಲ್ಲ. ಬಿಡುವಾದಾಗ ಮುಂಚೆ ತಿಳಿಸಿ ಬರುತ್ತಾರೆ. ಹಾಗಾದರೆ ಅವರನ್ನು ತೆಗೆಯಬೇಕಾ?

ತುಂಗಾತೀರ

ಅವರನ್ನು ತೆಗೆದರೆ ನಾನು ಪಟ್ಟಿಯನ್ನೇ ಮಾಡುವುದಿಲ್ಲ.

ಕುಡ್ಲದ ಕೀಬೋರ್ಡ್

ಹಾಗಾದರೆ ನಿಯಮ ಎಂತಕ್ಕೆ?

ಬಿಸಿಎ ಎರಡನೇ ವರ್ಷ

ಅವರ ಹೆಸರು ಗ್ಯೆಂಗ್ಸೆಟ್ ಅಲ್ವಾ?

ಮ್ಯೂನಿಕ್ ಮಂಡ್ಯ

ನಾರ್ವೆಯ ಹೆಸರು ಅದು. ಅಲ್ಲಿ ಜಿ ಮತ್ತು ಜೆ ಜೊತೆಯಾಗಿ ಬಂದರೆ "ಯ" ಅಂತ ಓದುತ್ತಾರೆ. ಯೆಂಗ್‌ಸೆಟ್ ಸರಿ.

ಧಾರವಾಡ ಪೇಡಾ

ಜಗಳ ಬ್ಯಾಡ್ರಿ. ನಮ್ಮ ಊರಲ್ಲಿ ಇದಕ್ಕೆಲ್ಲ ಮೊದಲೇ ಹೆಸರಿದೆ. ಮಂಗಳವಾರ ಅಂದರೆ ಮಂಗಳವಾರ, ಮಳೆ ಬರಲಿ ಬಿಸಿಲಿರಲಿ ಕೂಡುವುದು ಸಂತೆ. ವರ್ಷಕ್ಕೊಮ್ಮೆ ಗದ್ದಲ ಮಾಡಿ ಹೋಗುವುದು ಜಾತ್ರೆ. ಯಾವಾಗ ಬರುತ್ತದೋ ಗೊತ್ತಿಲ್ಲ, ಆದರೆ ಬಂದಾಗ ಎಲ್ಲ ಬಿಟ್ಟು ಹೊರಗೆ ಬಂದು ನೋಡಬೇಕು ಅನ್ನಿಸುವುದು ಮಳೆ. ಯೆಂಗ್‌ಸೆಟ್ ಮಳೆ. ಮುರಾಟೊರಿ ಆಗಿನ ಕಾಲಕ್ಕೆ ದಿನದ ಸಂತೆ. ಡಿಸೆಂಬರ್‌ನಲ್ಲಿ ದಿನಕ್ಕೊಂದು ಕೋಡ್ ಒಗಟು ಕೊಡುವ ಅಡ್ವೆಂಟ್ ಆಫ್ ಕೋಡ್ ಜಾತ್ರೆ. ಒಂದು ಕಾಲಂ ಹಾಕಿ, ಮೂರರಲ್ಲಿ ಒಂದು ಬರೀರಿ. ಮುಗೀತು.

ರಾತ್ರಿಪಾಳಿ

ಇದು ಸೂಪರ್.

ಹಳೇ ಟರ್ಮಿನಲ್

ನಾಲ್ಕನೆಯದನ್ನೂ ಸೇರಿಸಿ. ಹಾಳೂರು. ಮೂರು ತಿಂಗಳು ಕಾಣದಿದ್ದರೆ ಅಲ್ಲಿಗೆ ಹಾಕಿ. ಅಳಿಸಬೇಡಿ, ಸುಮ್ನೆ ಕೆಳಗೆ ಇಡಿ. ಕೆಲವರು ವಾಪಸ್ ಬರುತ್ತಾರೆ.

ತುಂಗಾತೀರ

ನಾಲ್ಕೂ ಒಪ್ಪಿಗೆ. ಇವತ್ತೇ ಕಾಲಂ ಹಾಕುತ್ತೇನೆ.

ಬಿಸಿಎ ಎರಡನೇ ವರ್ಷ

ಅಡ್ವೆಂಟ್ ಆಫ್ ಕೋಡ್ ನಮ್ಮ ಬೆಳಗ್ಗೆ 10:30ಕ್ಕೆ ತೆರೆಯುತ್ತದೆ. ಆಗ ನಮಗೆ ಡೇಟಾ ಸ್ಟ್ರಕ್ಚರ್ಸ್ ಕ್ಲಾಸ್. ಹಿಂದಿನ ಬೆಂಚಲ್ಲಿ ಕೂತು ಬೇರೆಯವರು ಬಿಡಿಸುವುದನ್ನು ನೋಡಿದ್ದೇನೆ. ಒಂಥರಾ ಡೇಟಾ ಸ್ಟ್ರಕ್ಚರ್ಸೇ ಕಲಿತ ಹಾಗಾಯ್ತು.

ಧಾರವಾಡ ಪೇಡಾ

ಈ ಡಿಸೆಂಬರ್‌ನಿಂದ ಅದು 25 ದಿನ ಅಲ್ಲ, 12 ದಿನ ಅಷ್ಟೇ. ಜಗತ್ತಿನ ಮೊದಲ ನೂರು ಜನರ ಅಂಕಪಟ್ಟಿಯನ್ನೂ ತೆಗೆದಿದ್ದಾರೆ. 2015ರಿಂದ ನಡೆಸಿಕೊಂಡು ಬಂದ ಮನುಷ್ಯನಿಗೂ ಡಿಸೆಂಬರ್‌ನಲ್ಲಿ ನಿದ್ದೆ ಬೇಕಲ್ಲ. ಒಳ್ಳೆಯದೇ ಆಯ್ತು. ಓಟದ ಗಡಿಬಿಡಿ ಇಲ್ಲದಿದ್ದರೆ ಲೈವ್‌ನಲ್ಲಿ ಬಿಡಿಸುವವರು ಬಾಯಿಬಿಟ್ಟು ವಿವರಿಸುತ್ತಾರೆ.

ರಾತ್ರಿಪಾಳಿ

ರಷ್ಯಾದ ಕೋಡ್ ಸ್ಪರ್ಧೆಗಳ ತಾಣ ಕೋಡ್‌ಫೋರ್ಸಸ್‌ನ ರೌಂಡ್‌ಗಳನ್ನೂ ಹಾಕೋಣ? ಹೆಚ್ಚಿನವು ನಮ್ಮ ರಾತ್ರಿ 8:05ಕ್ಕೆ. ಆ ಐದು ನಿಮಿಷ ಎಲ್ಲಿಂದ ಬಂತೋ ದೇವರೇ ಬಲ್ಲ.

ಧಾರವಾಡ ಪೇಡಾ

ಮಾಸ್ಕೋದಲ್ಲಿ ಅದು ಸಂಜೆ 5:35. ನಮಗಿಂತ ಎರಡೂವರೆ ಗಂಟೆ ಹಿಂದೆ. ಆದರೆ ಸ್ಪರ್ಧೆ ನಡೆಯುವಾಗ ಬಿಡಿಸುವುದನ್ನು ತೋರಿಸುವ ಹಾಗಿಲ್ಲ, ಕಾಪಿ ಹೊಡೆದ ಹಾಗೆ ಆಗುತ್ತದೆ. ಮುಗಿದ ಮೇಲೆ ಕೂತು ವಿವರಿಸುವ ಲೈವ್‌ಗಳಿದ್ದರೆ ಹಾಕಿ.

ನೋಡಿ ಸುಮ್ನಿರುವವ

ಫ್ರೀಕೋಡ್‌ಕ್ಯಾಂಪ್‌ನ ಕೋಡ್ ರೇಡಿಯೊ ಹಾಕಬಹುದಾ? 24 ಗಂಟೆ ಬರುತ್ತದೆ, ಒಂದು ದಿನವೂ ತಪ್ಪಿಲ್ಲ.

ಕುಡ್ಲದ ಕೀಬೋರ್ಡ್

ಅದು ಹಾಡು ಮಾರಾಯ. ಅದರಲ್ಲಿ ಕೋಡ್ ಎಲ್ಲುಂಟು?

ನೋಡಿ ಸುಮ್ನಿರುವವ

ಸರಿ, ಮತ್ತೆ ಸುಮ್ನಿರುತ್ತೇನೆ.

ಧಾರವಾಡ ಪೇಡಾ

ಹಾಡು ಅಂದಾಗ ನೆನಪಾಯ್ತು. ಟೈಡಲ್ ಸೈಕಲ್ಸ್, ಸ್ಟ್ರೂಡೆಲ್ ಅನ್ನುವ ಸಾಫ್ಟ್‌ವೇರ್ ಇಟ್ಟುಕೊಂಡು ಕೋಡ್ ಬರೆಯುತ್ತಾ ಸಂಗೀತ ಹುಟ್ಟಿಸುವವರಿದ್ದಾರೆ. ಅವರು ಅದನ್ನೇ ಲೈವ್ ಕೋಡಿಂಗ್ ಅಂತ ಕರೆಯುತ್ತಾರೆ, ಅದೂ 20 ವರ್ಷದ ಹಿಂದಿನಿಂದ. ಅವರಿಗೂ ಒಂದು ಮೂಲೆ ಕೊಡಿ. ಅಲ್ಲಿ ಕೋಡ್ ತಪ್ಪಾದರೆ ಕಿವಿಗೇ ಗೊತ್ತಾಗುತ್ತದೆ.

ಬಿಸಿಎ ಎರಡನೇ ವರ್ಷ · ಅಕ್ಟೋಬರ್ 24

ಒಂದು ಡೌಟ್. ಇದೆಲ್ಲ ನೋಡಲು ಡೇಟಾ ಎಷ್ಟು ಬೇಕು? ನನ್ನದು ದಿನಕ್ಕೆ 1.5 ಜಿಬಿ. ನಿನ್ನೆ ಒಂದು ಲೈವ್ ಹಾಕಿದೆ, ಸೆಟಪ್ ಮುಗಿಸಿ ಕೋಡ್ ಶುರು ಮಾಡುವಷ್ಟರಲ್ಲಿ ನನ್ನ ಪ್ಯಾಕೇ ಮುಗೀತು.

ರಾತ್ರಿಪಾಳಿ

ಪೂರ್ತಿ ಎಚ್‌ಡಿಯಲ್ಲಿ ಸ್ಟ್ರೀಮ್ ಸೆಕೆಂಡಿಗೆ 6000 ಕಿಲೊಬಿಟ್ ಬರುತ್ತದೆ ಅಂತ ಇಟ್ಟುಕೋ. ಗಂಟೆಗೆ 2.7 ಜಿಬಿ ಆಯ್ತು. ನಿನ್ನ 1.5 ಜಿಬಿ 33 ನಿಮಿಷಕ್ಕೆ ಖಾಲಿ. ವಿಡಿಯೊ ಗುಣಮಟ್ಟ 480ಕ್ಕೆ ಇಳಿಸು ತಮ್ಮಾ. ಟ್ವಿಚ್ ಆ್ಯಪ್‌ನಲ್ಲಿ ಧ್ವನಿ ಮಾತ್ರ ಕೇಳುವ ಆಯ್ಕೆಯೂ ಇದೆ. ಬಸ್ಸಲ್ಲಿ ನಾನು ಅದನ್ನೇ ಹಾಕಿಕೊಳ್ಳುವುದು.

ಹಳೇ ಟರ್ಮಿನಲ್

480ರಲ್ಲಿ ಅಕ್ಷರ ಮಸುಕಾಗಿ ಸೆಮಿಕೋಲನ್ ಯಾವುದು ಕೋಲನ್ ಯಾವುದು ಗೊತ್ತಾಗುವುದಿಲ್ಲ. "ಅಕ್ಷರ ದೊಡ್ಡದಿದೆಯಾ" ಅಂತ ಒಂದು ಕಾಲಂ ಹಾಕಿ. ತಮಾಷೆ ಅಲ್ಲ. ದೊಡ್ಡ ಅಕ್ಷರ ಇಟ್ಟುಕೊಂಡು ಬರೆಯುವವರನ್ನು 480ರಲ್ಲೂ ಆರಾಮಾಗಿ ನೋಡಬಹುದು.

ಅರ್ಧವಿರಾಮ

ಹಳೆಯ ಸೆಷನ್ ಎಲ್ಲಿ ಸಿಗುತ್ತದೆ ಅನ್ನುವುದೂ ಬೇಕು. ಟ್ವಿಚ್‌ನಲ್ಲಿ ವಿಡಿಯೊ ಉಳಿಯುವುದು ಅಫಿಲಿಯೇಟ್ ಅನ್ನುವ ಸಣ್ಣ ದರ್ಜೆಯವರಿಗೆ 14 ದಿನ, ಪಾರ್ಟ್‌ನರ್ ಅನ್ನುವ ದೊಡ್ಡ ದರ್ಜೆಯವರಿಗೆ 60 ದಿನ. ಆಯ್ದ ಭಾಗವನ್ನು ಹೈಲೈಟ್ ಮಾಡಿ ಉಳಿಸಿಕೊಳ್ಳೋಣ ಅಂದರೆ ಅದಕ್ಕೂ ಈ ಏಪ್ರಿಲ್‌ನಿಂದ ಚಾನೆಲ್‌ಗೆ 100 ಗಂಟೆ ಅಂತ ಮಿತಿ ಹಾಕಿದ್ದಾರೆ. ಅದಕ್ಕೇ ತುಂಬಾ ಜನ ಯೂಟ್ಯೂಬ್‌ನಲ್ಲಿ ಇನ್ನೊಂದು ಪ್ರತಿ ಇಡುತ್ತಾರೆ. ಲೈವ್ ತಪ್ಪಿಸಿಕೊಂಡವರಿಗೆ ಆ ಲಿಂಕೇ ಮುಖ್ಯ.

ಇನ್ನೊಂದು ಮಾತು ಸ್ವಲ್ಪ ಉದ್ದ ಆಗುತ್ತದೆ.

ತುಂಗಾತೀರ ಅವರು ಹನ್ನೆರಡು ಜನ ನೋಡುವ ಚಾನೆಲ್ ಹುಡುಕುತ್ತೇನೆ ಅಂದರಲ್ಲ. ಎರಡು ವರ್ಷ ನನ್ನದು ಅಂಥದ್ದೇ ಚಾನೆಲ್. ಗುರುವಾರ ರಾತ್ರಿ 9ಕ್ಕೆ, ಮಗಳು ಮಲಗಿದ ಮೇಲೆ, ಒಂದೂವರೆ ಗಂಟೆ. ಬರುವವರೆಲ್ಲ ಪರಿಚಯದವರ ಹಾಗೆ ಆಗಿದ್ದರು. ಒಬ್ಬರು ಚಹಾ ಹಿಡಿದುಕೊಂಡೇ ಬರುತ್ತಿದ್ದರು, ಬಂದ ಕೂಡಲೇ ಚಾಟ್‌ನಲ್ಲಿ ಒಂದು ಲೋಟದ ಚಿತ್ರ ಹಾಕುತ್ತಿದ್ದರು. ಒಂದು ದಿನ ಯಾರೋ ನನ್ನನ್ನು ಕೇಳದೆ ಒಂದು ಪಟ್ಟಿಗೆ ಸೇರಿಸಿದರು. "ಕೋಡ್ ಬರೆಯುವ ಹೆಂಗಸರು" ಅಂತ ತಲೆಬರಹ. ಮುಂದಿನ ಗುರುವಾರ ಇನ್ನೂರು ಜನ. ಅರ್ಧ ಜನರಿಗೆ ಕೋಡ್ ಬೇಕಿರಲಿಲ್ಲ. ಮುಖ ತೋರಿಸು, ಮದುವೆ ಆಗಿದೆಯಾ, ಯಾವ ಏರಿಯಾ. ಚಾಟ್ ಮುಚ್ಚಿ ಹತ್ತು ನಿಮಿಷ ಬರೆದೆ, ಆಮೇಲೆ ಸ್ಟ್ರೀಮನ್ನೇ ನಿಲ್ಲಿಸಿದೆ. ಲೋಟದವರು ಈಗ ಎಲ್ಲಿದ್ದಾರೋ ಗೊತ್ತಿಲ್ಲ.

ದೊಡ್ಡವರನ್ನು ಕೇಳುವ ಅಗತ್ಯ ಇಲ್ಲ, ಅವರು ಸಾವಿರಾರು ಜನರ ಮುಂದೆ ಕೂತವರು. ಸಣ್ಣ ಚಾನೆಲ್‌ಗಳನ್ನು ಮಾತ್ರ ಕೇಳಿ ಹಾಕಿ. ಊರು, ನಿಜವಾದ ಹೆಸರು, ಗಂಡೋ ಹೆಣ್ಣೋ, ಯಾವುದೂ ಬೇಡ. ಚಾನೆಲ್ ಹೆಸರು ಸಾಕು.

ತುಂಗಾತೀರ

ಅಕ್ಕ, ಇದು ನನ್ನ ತಲೆಗೆ ಬಂದೇ ಇರಲಿಲ್ಲ. 31ರಲ್ಲಿ 11 ಸಣ್ಣ ಚಾನೆಲ್‌ಗಳು. ಆ 11 ಸಾಲು ಈಗಲೇ ಮುಚ್ಚಿದ್ದೇನೆ. ಒಬ್ಬೊಬ್ಬರಿಗೂ ಬರೆದು ಕೇಳುತ್ತೇನೆ, ಹೂಂ ಅಂದವರದ್ದು ಮಾತ್ರ ತೆರೆಯುತ್ತೇನೆ.

ಕುಡ್ಲದ ಕೀಬೋರ್ಡ್

ಪಬ್ಲಿಕ್ ಆಗಿ ಲೈವ್ ಬಂದ ಮೇಲೆ ಕೇಳುವುದು ಯಾಕೆ ಅಂತ ಬರೆಯಲು ಹೊರಟಿದ್ದೆ. ಅರ್ಧವಿರಾಮ ಅವರದ್ದು ಎರಡನೇ ಸಲ ಓದಿ ಅಳಿಸಿದೆ.

ಬಿಸಿಎ ಎರಡನೇ ವರ್ಷ · ಅಕ್ಟೋಬರ್ 25

ಕನ್ನಡದಲ್ಲಿ ಯಾರೂ ಮಾಡುವುದಿಲ್ವಾ? ನಾನು ಒಂದು ಸಲ ಮಾಡಿದ್ದೆ. ಪೈಥಾನ್, ಕನ್ನಡದಲ್ಲಿ. ಮೂರು ಜನ ನೋಡಿದರು. ಅದರಲ್ಲಿ ಒಂದು ನನ್ನದೇ ಫೋನ್, ಸರಿಯಾಗಿ ಬರುತ್ತಿದೆಯಾ ಅಂತ ನೋಡಲು ಇಟ್ಟಿದ್ದು. ಇನ್ನೊಂದು ನಮ್ಮ ಮಾವ, ಬ್ಯಾಟರಿ ಮುಗಿಯುವವರೆಗೆ ನೋಡಿದರು.

ಧಾರವಾಡ ಪೇಡಾ

ಮೂರನೆಯವರು ನಾನು ಇರಬೇಕು! ಚೀಟಿ ಎತ್ತುವ ಪ್ರೋಗ್ರಾಂ ಬರೆದಿರಲ್ವಾ? ರ‍್ಯಾಂಡಮ್ ಅಂತ ಹೇಳಿ ಮೂರು ಸಲವೂ ಒಂದೇ ಹೆಸರು ಬಂತು.

ಬಿಸಿಎ ಎರಡನೇ ವರ್ಷ

ಅಯ್ಯೋ ಅದೇ. ಪ್ರತಿ ಸಲ ಒಂದೇ ಫಲ ಬರುವಂತೆ ಮಾಡುವ ಸೀಡ್ ಸಂಖ್ಯೆ ಕೊಟ್ಟು ಮರೆತಿದ್ದೆ. ಅದು ಆಮೇಲೆ ಗೊತ್ತಾಯ್ತು.

ಹಳೇ ಟರ್ಮಿನಲ್

ಕನ್ನಡದಲ್ಲಿ ಮಾಡುವುದಾದರೆ ವೇರಿಯಬಲ್ ಲೂಪ್ ಅಂತೆಲ್ಲ ಇಂಗ್ಲಿಷೇ ಸುರಿಯುವುದು ಯಾಕೆ? ಚರ, ಆವರ್ತ ಅನ್ನಬಹುದಲ್ಲ.

ಕುಡ್ಲದ ಕೀಬೋರ್ಡ್

ಆವರ್ತ ಅಂದರೆ ಸುಂಟರಗಾಳಿಯಾ? ನಾಳೆ ಇಂಟರ್‌ವ್ಯೂನಲ್ಲಿ ಆವರ್ತ ಅಂದರೆ ವಾಪಸ್ ಕಳಿಸುತ್ತಾರೆ.

ಹಳೇ ಟರ್ಮಿನಲ್

ಇಂಟರ್‌ವ್ಯೂಗೆ ಒಂದು ಭಾಷೆ, ಅರ್ಥ ಮಾಡಿಕೊಳ್ಳಲು ಒಂದು ಭಾಷೆ ಇರಬಾರದಾ?

ಅರ್ಧವಿರಾಮ

ಲೂಪ್ ಅನ್ನಿ, "ಮತ್ತೆ ಮತ್ತೆ ಸುತ್ತು ಹಾಕುತ್ತದೆ" ಅಂತ ಕನ್ನಡದಲ್ಲಿ ಹೇಳಿ. ನನ್ನ ಮಗಳಿಗೆ ಹೇಳಿಕೊಡುವಾಗ ನಾನು ಹಾಗೇ ಮಾಡುವುದು. ಹೆಸರಿಗೆ ಯಾಕೆ ಜಗಳ?

ಧಾರವಾಡ ಪೇಡಾ

ಪೈಥಾನ್ 3ರಲ್ಲಿ ವೇರಿಯಬಲ್‌ಗೆ ಕನ್ನಡದ ಹೆಸರನ್ನೇ ಇಡಬಹುದು, ಗೊತ್ತಾ? ಸಂಖ್ಯೆ = 5 ಅಂತ ಬರೆದರೆ ನಡೆಯುತ್ತದೆ. ಒತ್ತಕ್ಷರವೂ ನಡೆಯುತ್ತದೆ. ಆದರೆ "ಲೈವ್‌ಗಳು = 31" ಅಂತ ಬರೆದು ನೋಡಿ, ಎರರ್. ವ ಮತ್ತು ಗ ಒತ್ತಾಗಿ ಸೇರದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ. ಪೈಥಾನ್ ಅದನ್ನು ಹೆಸರಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ಕಾಣದ ಅಕ್ಷರ ಹುಡುಕಲು ನನಗೆ ಒಂದು ಸಂಜೆ ಹೋಯ್ತು.

ಬಿಸಿಎ ಎರಡನೇ ವರ್ಷ

ಟರ್ಮಿನಲ್‌ನಲ್ಲಿ ಕನ್ನಡ ಪ್ರಿಂಟ್ ಮಾಡಿದರೆ ನನಗೆ ಒತ್ತೆಲ್ಲ ಪಕ್ಕದ ಮನೆಗೆ ಹೋಗುತ್ತೆ. ಲೈವ್‌ನಲ್ಲಿ ಅದೇ ಆಗಿದ್ದು. ನಮ್ಮ ಮಾವ ಅದನ್ನೇ ವೈರಸ್ ಅಂದುಕೊಂಡರು.

ಧಾರವಾಡ ಪೇಡಾ · ಅಕ್ಟೋಬರ್ 26

ಶೀಟ್ ಬೆಳೆಯುತ್ತಿದೆ, ಎಲ್ಲರೂ ತಿದ್ದಲು ಅನುಕೂಲ ಆಗಲಿ ಅಂತ ಯಾಮಲ್ (ಮಾಹಿತಿಯನ್ನು ಸಾಲುಸಾಲಾಗಿ ಬರೆದಿಡುವ ರೂಪ) ಫೈಲ್ ಮಾಡಿ, ಎಲ್ಲರ ತಿದ್ದುಪಡಿ ಕೂಡಿಸಿಡುವ ಗಿಟ್‌ಗೆ ಹಾಕಿದೆ. ಒಂದು ವಿಚಿತ್ರ ನೋಡ್ರಿ. ಬೆಳಗ್ಗೆ 9:30ರವರೆಗಿನ ಲೈವ್‌ಗಳೆಲ್ಲ ಸರಿ ಬಂದವು. ಹತ್ತು ಗಂಟೆ ದಾಟಿದವೆಲ್ಲ ಕೆಟ್ಟವು. ಫೈಲ್‌ನಲ್ಲಿ ಹೀಗಿದೆ:

ಸಮಯ: 20:30

ಪೈಥಾನ್‌ನಲ್ಲಿ ಓದಿ ಪುಟಕ್ಕೆ ಹಾಕಿದರೆ "ರಾತ್ರಿ 1230" ಅಂತ ಬರುತ್ತದೆ.

ಕುಡ್ಲದ ಕೀಬೋರ್ಡ್

ಹಹ್ಹಾ. ಯಾಮಲ್‌ನ ಹಳೆಯ 1.1 ನಿಯಮ ಅದು. ಕೋಲನ್ ಇಟ್ಟ ಅಂಕಿಗಳನ್ನು 60ರ ಲೆಕ್ಕದಲ್ಲಿ ಒಂದೇ ಸಂಖ್ಯೆ ಅಂತ ಓದುತ್ತದೆ. 20 ಗುಣಿಸು 60, ಕೂಡು 30, 1230. ಪೈಥಾನ್‌ನಲ್ಲಿ ಯಾಮಲ್ ಓದುವ ಪೈಯಾಮಲ್ ಈಗಲೂ ಆ ನಿಯಮವನ್ನೇ ಹಿಡಿದುಕೊಂಡಿದೆ. 09:30 ಸೊನ್ನೆಯಿಂದ ಶುರುವಾಗುತ್ತದೆ, ಅದು ಸಂಖ್ಯೆ ಅಲ್ಲ ಅಂತ ಬಿಟ್ಟುಬಿಡುತ್ತದೆ. ಸಮಯದ ಸುತ್ತ ಕೊಟೇಶನ್ ಮಾರ್ಕ್ ಹಾಕಿ, ಸರಿಹೋಗುತ್ತದೆ.

ಧಾರವಾಡ ಪೇಡಾ

ಸರಿಹೋಯ್ತು. ನಿಮಗೊಂದು ಪೇಡಾ.

ಮ್ಯೂನಿಕ್ ಮಂಡ್ಯ

ಸಮಯದ ಮಾತು ಬಂತಲ್ಲ. ಇವತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಇಲ್ಲಿ ಜರ್ಮನಿಯಲ್ಲಿ ಚಳಿಗಾಲಕ್ಕೆ ಅಂತ ರಾತ್ರಿ ಗಡಿಯಾರ ಒಂದು ಗಂಟೆ ಹಿಂದೆ ಹೋಯಿತು. ಇಲ್ಲಿನ ಸಂಜೆ 7 ನಿನ್ನೆಯವರೆಗೆ ನಿಮಗೆ ರಾತ್ರಿ 10:30, ಇವತ್ತಿನಿಂದ 11:30. ನಿಮ್ಮ ಪಟ್ಟಿಯ ಯುರೋಪಿನ ಸಾಲುಗಳೆಲ್ಲ ಈಗ ತಪ್ಪು.

"ನಮ್ಮ ಸಮಯ" ಕಾಲಂ ತೆಗೆಯಿರಿ. ಬದಲಿಗೆ ಸ್ಟ್ರೀಮ್ ಮಾಡುವವರ ಸಮಯ ಮತ್ತು ಅವರ ಟೈಮ್‌ಝೋನ್ ಬರೆಯಿರಿ. ಯುರೋಪ್/ಬರ್ಲಿನ್ ಅಂತ ಬರೆದಿಟ್ಟರೆ ಗಡಿಯಾರ ಯಾವಾಗ ತಿರುಗುತ್ತದೆ ಅಂತ ಕಂಪ್ಯೂಟರಿಗೆ ಗೊತ್ತಿದೆ. ನಮ್ಮ ಗಂಟೆ ಅದೇ ಲೆಕ್ಕ ಹಾಕಿ ತೋರಿಸುತ್ತದೆ. ಐಎಸ್‌ಟಿ ಅಂತ ಮೂರಕ್ಷರ ಮಾತ್ರ ಬರೆಯಬೇಡಿ. ಐರ್ಲೆಂಡ್, ಇಸ್ರೇಲ್‌ನವರೂ ತಮ್ಮ ಸಮಯಕ್ಕೆ ಅದನ್ನೇ ಬಳಸುತ್ತಾರೆ.

ತುಂಗಾತೀರ

ಮಂಡ್ಯದವರೇ, ನಮ್ಮ ಓದುಗರಿಗೆ ಬರ್ಲಿನ್ ಯಾಕೆ? ನಮ್ಮ ಗಂಟೆ ಕಂಡರೆ ಸಾಕು. ಹೊರದೇಶದ ಸಾಲುಗಳಿಗೆಲ್ಲ ಒಂದು ಗಂಟೆ ಕೂಡಿಸಿದ್ದೇನೆ. ಐದು ನಿಮಿಷದ ಕೆಲಸ.

ಮ್ಯೂನಿಕ್ ಮಂಡ್ಯ

ಎಲ್ಲಕ್ಕೂ ಕೂಡಿಸಿದಿರಾ? ಅಮೆರಿಕದ್ದಕ್ಕೂ?

ತುಂಗಾತೀರ

ಹೌದು, ಎಲ್ಲಕ್ಕೂ.

ಮ್ಯೂನಿಕ್ ಮಂಡ್ಯ

ಸರಿ. ನಾನು ಇಲ್ಲೇ ಇರುತ್ತೇನೆ.

ರಾತ್ರಿಪಾಳಿ · ಅಕ್ಟೋಬರ್ 30

ತುಂಗಾ ಅಣ್ಣ, ಏನಿದು? ಪಾಳಿ ಮುಗಿಸಿ, ಇಡ್ಲಿ ಕಟ್ಟಿಸಿಕೊಂಡು ಬಂದು, ಪಟ್ಟಿ ನೋಡಿ 9:30ಕ್ಕೆ ಕೂತೆ. ಅವರು ಶುರು ಮಾಡಿ ಒಂದು ಗಂಟೆ ಆಗಿದೆ. ಪಾರ್ಸರ್ ಅರ್ಧ ಬರೆದು ಮುಗಿಸಿದ್ದಾರೆ. ಬಾಯಿಪಾಠ ಇದ್ದದ್ದನ್ನು ಬಿಟ್ಟು ನಿಮ್ಮ ಪಟ್ಟಿ ನಂಬಿದೆನಲ್ಲ.

ಮ್ಯೂನಿಕ್ ಮಂಡ್ಯ

ಅಮೆರಿಕದ ಗಡಿಯಾರ ಇನ್ನೂ ತಿರುಗಿಲ್ಲ. ಅವರದ್ದು ನವೆಂಬರ್‌ನ ಮೊದಲ ಭಾನುವಾರ. ಯುರೋಪಿಗೂ ಅವರಿಗೂ ಒಂದು ವಾರ ವ್ಯತ್ಯಾಸ. ಮಾರ್ಚ್‌ನಲ್ಲಿ ಉಲ್ಟಾ, ಅವರದ್ದು ಮೊದಲು, ಯುರೋಪಿನದ್ದು ಆಮೇಲೆ. ಅರಿಝೋನದಲ್ಲಿ ಹೆಚ್ಚಿನ ಕಡೆ ತಿರುಗುವುದೇ ಇಲ್ಲ.

ತುಂಗಾತೀರ

ಕ್ಷಮಿಸಿ. ಅಮೆರಿಕದ ಸಾಲುಗಳಿಂದ ಒಂದು ಗಂಟೆ ಕಳೆದಿದ್ದೇನೆ. ಈಗ ಪಕ್ಕಾ.

ತುಂಗಾತೀರ · ನವೆಂಬರ್ 1

ರಾಜ್ಯೋತ್ಸವದ ಶುಭಾಶಯಗಳು! ಪಟ್ಟಿ ಎಲ್ಲರಿಗೂ ತೆರೆದಿದೆ. ಒಟ್ಟು 44 ಸಾಲು. ಸಂತೆ 19, ಮಳೆ 14, ಜಾತ್ರೆ 4, ಹಾಳೂರು 7. ಸಣ್ಣ ಚಾನೆಲ್‌ಗಳಲ್ಲಿ ಒಂಬತ್ತು ಮಂದಿ ಹೂಂ ಅಂದರು. ಒಬ್ಬರು ಬೇಡ ಅಂದರು. ಒಬ್ಬರಿಂದ ಉತ್ತರ ಇಲ್ಲ, ಹಾಕಿಲ್ಲ.

ಹಳೇ ಟರ್ಮಿನಲ್

ಹುಟ್ಟುವಾಗಲೇ ಹಾಳೂರಿನಲ್ಲಿ ಏಳು. ಒಳ್ಳೆಯ ಲಕ್ಷಣ, ನಿಜವಾಗಿ ಹೇಳುತ್ತಿದ್ದೇನೆ.

ರಾತ್ರಿಪಾಳಿ · ನವೆಂಬರ್ 3

ಇವತ್ತು ಸೋಮವಾರ. ಪಟ್ಟಿಯಲ್ಲಿ 8:30 ಅಂತಿದೆ. 8:20ಕ್ಕೇ ಕಾಫಿ ಹಿಡಿದು ಕೂತೆ. ಒಂದು ಗಂಟೆ ಖಾಲಿ ಪರದೆ ನೋಡಿದೆ. 9:30ಕ್ಕೆ ಬಂದರು. ಅಷ್ಟರಲ್ಲಿ ನಾನು ಕುರ್ಚಿಯಲ್ಲೇ ನಿದ್ದೆ ಹೋಗಿದ್ದೆ, ಬಾಯಿ ತೆರೆದುಕೊಂಡು, ಅಮ್ಮ ಫೋಟೊ ತೆಗೆದಿದ್ದಾರೆ.

ಮ್ಯೂನಿಕ್ ಮಂಡ್ಯ

ನಿನ್ನೆ ತಿರುಗಿತು.

ತುಂಗಾತೀರ

ಆಯ್ತು ಗುರುಗಳೇ, ಸೋತೆ. ಎರಡು ಕಾಲಂ ಹಾಕುತ್ತಿದ್ದೇನೆ: ಅವರ ಗಂಟೆ, ಅವರ ಟೈಮ್‌ಝೋನ್. ನಮ್ಮ ಗಂಟೆಯನ್ನು ಕೈಯಿಂದ ಇನ್ನು ಯಾರೂ ಬರೆಯುವುದಿಲ್ಲ. ಪುಟ ತೆರೆದಾಗ ಅದೇ ಲೆಕ್ಕ ಹಾಕುತ್ತದೆ. ಪೇಡಾ ಅವರು ಇಪ್ಪತ್ತೇ ಸಾಲಿನಲ್ಲಿ ಬರೆದುಕೊಟ್ಟರು.

ಮ್ಯೂನಿಕ್ ಮಂಡ್ಯ

ರಾತ್ರಿಪಾಳಿಯವರ ಫೋಟೊ ಎಲ್ಲಿ?

ಕುಡ್ಲದ ಕೀಬೋರ್ಡ್

ಟ್ವಿಚ್‌ನಲ್ಲಿ ಪ್ರತಿ ಚಾನೆಲ್‌ನ ವೇಳಾಪಟ್ಟಿಯನ್ನು ಕ್ಯಾಲೆಂಡರ್ ಆ್ಯಪ್‌ಗಳು ಓದುವ ಐಕ್ಯಾಲೆಂಡರ್ ರೂಪದಲ್ಲಿ ಪಡೆಯಬಹುದು, ಲಾಗಿನ್ ಕೂಡ ಬೇಡ. ಅದನ್ನೇ ಎಳೆದುಕೊಳ್ಳಿ. ಆಗ ಗಂಟೆಯನ್ನೂ ಯಾರೂ ಬರೆಯಬೇಕಾಗಿಲ್ಲ.

ಧಾರವಾಡ ಪೇಡಾ

ನೋಡಿದೆ. ನಮ್ಮ ಸಂತೆಯ 19ರಲ್ಲಿ ವೇಳಾಪಟ್ಟಿ ತುಂಬಿದವರು ಆರು ಜನ. ಅದರಲ್ಲಿ ಇಬ್ಬರದ್ದು ಯಾವತ್ತಿನದೋ ಹಳೆಯದು. ಮಂಗಳವಾರ ಅಂತ ಬರೆದಿಟ್ಟು ಶುಕ್ರವಾರ ಬರುತ್ತಾರೆ. ಹೇಳುವುದೊಂದು, ಬರುವುದೊಂದು. ಅದಕ್ಕೇ "ಕೊನೆಗೆ ಕಂಡದ್ದು" ಕಾಲಂ ಅನ್ನೇ ನಂಬಬೇಕು.

ತುಂಗಾತೀರ

ಅದನ್ನು ಯಾರು ತುಂಬುವುದು? ದಿನಾ 44 ಚಾನೆಲ್ ತೆರೆದು ನೋಡಲು ನನ್ನಿಂದ ಆಗುವುದಿಲ್ಲ.

ಧಾರವಾಡ ಪೇಡಾ

ಯೂಟ್ಯೂಬ್ ಎಪಿಐನಲ್ಲಿ (ನಮ್ಮ ಪ್ರೋಗ್ರಾಂ ಯೂಟ್ಯೂಬಿನಿಂದ ಮಾಹಿತಿ ಕೇಳುವ ದಾರಿ) ಹುಡುಕಿದರೆ ಒಂದು ಸಲಕ್ಕೆ 100 ಯೂನಿಟ್. ದಿನಕ್ಕೆ ಸಿಗುವುದು 10,000. ಅಂದರೆ ನೂರು ಸಲ. 44 ಚಾನೆಲ್‌ಗೆ ದಿನಕ್ಕೆ ಎರಡು ಸಲ ನೋಡಿದರೆ ಮುಗೀತು. ಅದಕ್ಕಿಂತ ಚಾನೆಲ್‌ನ ಫೀಡ್ ಓದುವುದು ಒಳ್ಳೆಯದು. ಇತ್ತೀಚಿನ 15 ವಿಡಿಯೊಗಳು ಪುಕ್ಕಟೆ ಸಿಗುತ್ತವೆ. ಮೇಲಿನದರ ತಾರೀಕು ತೆಗೆದುಕೊಂಡರೆ ಸಾಕು. ಅದು ಲೈವೇ ಹೌದಾ ಅಂತ ಕೇಳಲು ಒಂದೇ ಯೂನಿಟ್. ಟ್ವಿಚ್‌ನವರಿಗೆ ಬೇರೆ ದಾರಿ ಮಾಡುತ್ತೇನೆ. ಬುಧವಾರದೊಳಗೆ ಕೊಡುತ್ತೇನೆ.

ಹಳೇ ಟರ್ಮಿನಲ್

ಯಂತ್ರ ಬಿಟ್ಟು ಒಬ್ಬ ಮನುಷ್ಯನೂ ಬೇಕು. ತಿಂಗಳಿಗೊಮ್ಮೆ ನಾನು ಹಾಳೂರು ಸುತ್ತಿ ಬರುತ್ತೇನೆ. ನನಗೆ ಆ ಊರು ಚೆನ್ನಾಗಿ ಗೊತ್ತು.

ನೋಡಿ ಸುಮ್ನಿರುವವ · ನವೆಂಬರ್ 5

ಮಾತಾಡಬಹುದಾ? ಪಟ್ಟಿ ನೋಡಿ ನಿನ್ನೆ ರಾತ್ರಿ ಒಂದು ಸಣ್ಣ ಚಾನೆಲ್‌ಗೆ ಹೋದೆ. ಎಂಟು ಜನ ಇದ್ದರು. ಎರಡು ವರ್ಷದಿಂದ ನೋಡುತ್ತಿದ್ದೇನೆ, ನಿನ್ನೆಯವರೆಗೆ ಯಾವ ಚಾಟ್‌ನಲ್ಲೂ ಬರೆದಿರಲಿಲ್ಲ. 42ನೇ ಸಾಲಿನಲ್ಲಿ ಬ್ರ್ಯಾಕೆಟ್ ಬಿಟ್ಟಿದ್ದೀರಿ ಅಂತ ಬರೆದೆ. ಅವರು ನನ್ನ ಹೆಸರು ಓದಿ ಥ್ಯಾಂಕ್ಸ್ ಅಂದರು. ನೋಡಿ ಸುಮ್ನಿರುವವ ಅಂತ ಓದಲು ಅವರಿಗೆ ಮೂರು ಪ್ರಯತ್ನ ಬೇಕಾಯ್ತು.

ಕುಡ್ಲದ ಕೀಬೋರ್ಡ್

ಆಹಾ! ಕೋಡ್ ರೇಡಿಯೊ ಬೇಡ ಅಂದದ್ದಕ್ಕೆ ಕ್ಷಮೆ ಇರಲಿ.

ಅರ್ಧವಿರಾಮ

ತುಂಗಾತೀರ, ಉತ್ತರ ಕೊಡದ ಆ ಒಬ್ಬರು ನಾನು. ಹಳೆಯ ಚಾನೆಲ್ ಹೇಗೋ ನಿಮ್ಮ ಪಟ್ಟಿಗೆ ಬಂದಿತ್ತು ಅನ್ನಿಸುತ್ತದೆ. ನಿಮ್ಮ ಪತ್ರ ಓದಿದೆ. ಈಗಲೇ ಬೇಡ. ಹಾಳೂರಿನಲ್ಲೂ ಬೇಡ. ಮತ್ತೆ ಶುರು ಮಾಡಿದರೆ ನಾನೇ ಬಂದು ಸಾಲು ಸೇರಿಸುತ್ತೇನೆ.

ತುಂಗಾತೀರ

ಆಯ್ತು ಅಕ್ಕ. ಶೀಟ್‌ನಿಂದಲೂ ಅಳಿಸಿದ್ದೇನೆ.

ಬಿಸಿಎ ಎರಡನೇ ವರ್ಷ · ನವೆಂಬರ್ 6

ನನ್ನದೊಂದು ಸಾಲು ಹಾಕುತ್ತೀರಾ? ವಿಷಯ ಪೈಥಾನ್, ಭಾಷೆ ಕನ್ನಡ, ಭಾನುವಾರ ಬೆಳಗ್ಗೆ 11. ಮಾವ ಹೊಸ ಫೋನ್ ತಗೊಂಡಿದ್ದಾರೆ, ಈ ಸಲ ಬ್ಯಾಟರಿ ಉಳಿಯುತ್ತೆ.

ತುಂಗಾತೀರ

ಖಂಡಿತ. ಸಂತೆನಾ, ಮಳೆನಾ?

ಬಿಸಿಎ ಎರಡನೇ ವರ್ಷ

ಸದ್ಯಕ್ಕೆ ಮಳೆ ಅಂತ ಹಾಕಿ ಅಣ್ಣ. ಭಾನುವಾರ ನಮ್ಮ ಏರಿಯಾದಲ್ಲಿ ಒಮ್ಮೊಮ್ಮೆ ಕರೆಂಟ್ ಇರಲ್ಲ. ನಾಲ್ಕು ವಾರ ತಪ್ಪದೆ ಬಂದರೆ ಸಂತೆಗೆ ಹಾಕಿ.

ಮ್ಯೂನಿಕ್ ಮಂಡ್ಯ

ಟೈಮ್‌ಝೋನ್ ಬರೆದಿಲ್ಲ.